ಕರುಳಿನ ಕಾವಲು: ಎಳೆಗರು ಮತ್ತು ಕೋಳಿಮರಿಗಳ ಪಾಲನೆಯಲ್ಲಿ ಹಿತಜೀವಾಣುಗಳ ಉಪಯೋಗ

(ಎಲ್.ಏಜಿ. ಪರೀಕ್ಷೆಯಲ್ಲಿ ತೇರ್ಗಡೆಯಾದ ವ್ಯವಸಾಯ ಇನ್‌ಸ್ಪೆಕ್ಟರೊಬ್ಬರು ಬರೆದುದು)

ಹಸು ಈದ ಮನೆಯಲ್ಲಿ ಸಂತೋಷವು ಎಷ್ಟು ಸಹಜವೋ, ಎರಡು ಮೂರು ವಾರಗಳೊಳಗೆ ಆ ಕರುವು ಭೇದಿ ಹತ್ತಿ ಸತ್ತುಹೋಯಿತೆಂಬ ವರ್ತಮಾನವೂ ನಮ್ಮ ಗ್ರಾಮಗಳಲ್ಲಿ ಅಷ್ಟೇ ಸಾಮಾನ್ಯವಾಗಿದೆ. ಒಂಬತ್ತು ತಿಂಗಳು ಹಸುವಿಗೆ ಹಿಂಡಿ ಬೂಸಗಳನ್ನಿಟ್ಟು ಸಾಕಿ, ಕೊನೆಗೆ ಹೆಣ್ಣುಗರುವನ್ನು ಕಳೆದುಕೊಂಡ ರೈತನ ನಷ್ಟವನ್ನು ಆ ದಿನದ ಲೆಕ್ಕದಿಂದ ಅಳೆಯಲಾಗದು. ಮೂರು ವರ್ಷಗಳ ತರುವಾಯ ಅವನ ಕೊಟ್ಟಿಗೆಯಲ್ಲಿ ಹಾಲು ಕರೆಯಬೇಕಾಗಿದ್ದ ಹಸುವೊಂದು ಆಗಲೇ ಹೋದಂತಾಯಿತು. ಕೋಳಿ ಸಾಕುವವರ ಅನುಭವವೂ ಹೀಗೆಯೇ. ನೂರಾರು ಮರಿಗಳನ್ನು ತಂದು ಬಿಟ್ಟ ಮೊದಲನೆಯ ವಾರದಲ್ಲಿಯೇ ಬಿಳಿಭೇದಿಯು ತಲೆದೋರಿದರೆ ಆ ವರ್ಷದ ಲಾಭವೆಲ್ಲವೂ ಕೈಬಿಟ್ಟುಹೋಗುವುದುಂಟು.

ಇಂತಹ ಸಂದರ್ಭಗಳಲ್ಲಿ ಕೆಲವರು ದೃಷ್ಟಿ ತಗಲಿತೆಂದು ಸುಮ್ಮನಾಗುತ್ತಾರೆ. ಮತ್ತೆ ಕೆಲವರು ಪೇಟೆಯ ಔಷಧದಂಗಡಿಗೆ ಓಡಿ, ಯಾರನ್ನೂ ವಿಚಾರಿಸದೆ, ಕೈಗೆ ಸಿಕ್ಕಿದ ಮಾತ್ರೆಗಳನ್ನು ತಂದು ನುಂಗಿಸುತ್ತಾರೆ. ಈ ಎರಡು ಮಾರ್ಗಗಳೂ ಹಿತಕರವಲ್ಲ. ಪ್ರಾಣಿಗಳ ಕರುಳಿನಲ್ಲಿಯೇ ಸ್ವಾಭಾವಿಕವಾಗಿ ನೆಲಸಿ, ರೋಗಕ್ರಿಮಿಗಳಿಗೆ ಎಡೆಗೊಡದೆ ಕಾಯುವ ಸೂಕ್ಷ್ಮಾಣುಜೀವಿಗಳ ದೊಡ್ಡದೊಂದು ಸಮುದಾಯವುಂಟು. ಅವುಗಳ ಪೈಕಿ ಉಪಯುಕ್ತವಾದುವನ್ನು ಬೇರ್ಪಡಿಸಿ, ಸಜೀವವಾಗಿ, ಸಾಕಷ್ಟು ಪ್ರಮಾಣದಲ್ಲಿ ಕೊಟ್ಟಾಗ ಆರೋಗ್ಯಕ್ಕೆ ಸಹಾಯವಾಗುವಂತಹವುಗಳಿಗೆ ಪ್ರೋಬಯಾಟಿಕ್‌ಗಳೆಂದು ಹೆಸರು. ಈ ಲೇಖನದಲ್ಲಿ ಅವುಗಳನ್ನು ಹಿತಜೀವಾಣುಗಳೆಂದು ಕರೆಯೋಣ. ಇವು ಹೇಗೆ ಕೆಲಸ ಮಾಡುವುವು, ಇವುಗಳಿಂದ ಏನನ್ನು ನಿರೀಕ್ಷಿಸಬಹುದು, ಏನನ್ನು ನಿರೀಕ್ಷಿಸಕೂಡದು ಎಂಬುದನ್ನು ಗ್ರಾಮದ ಮುಖಂಡರೂ ಜಮೀನುದಾರರೂ ತಿಳಿದಿರುವುದು ಅವಶ್ಯಕ. ಇವರು ಮಾಡಿದುದನ್ನು ನೋಡಿಯೇ ಗ್ರಾಮದ ಇತರರೂ ನಡೆಯುವರಷ್ಟೆ.

ಕರುಳೂ ಒಂದು ಹೊಲವೇ

ಹುರುಳಿಯು ಒತ್ತಾಗಿ ಹಬ್ಬಿದ ಹೊಲದಲ್ಲಿ ಕಳೆಯು ಹೆಚ್ಚಾಗಿ ಏಳುವುದಿಲ್ಲವೆಂಬುದನ್ನು ಬಲ್ಲದ ರೈತನಿಲ್ಲ. ನೆಲವನ್ನು ಪೈರು ಮುಚ್ಚಿರುವುದರಿಂದ ಕಳೆಗೆ ಬಿಸಿಲು ದೊರೆಯದು, ಬೇರೂರಲು ಸ್ಥಳವಿಲ್ಲ, ನೀರುಗೊಬ್ಬರಗಳೂ ಪೈರಿನ ಪಾಲಾಗುವುವು. ಅದೇ ಹೊಲವನ್ನು ಉತ್ತು ಬರಿದಾಗಿ ಬಿಟ್ಟರೆ, ಒಂದು ಮಳೆ ಬೀಳುವಷ್ಟರಲ್ಲಿ ಗರಿಕೆ, ಜೇಕು ಮೊದಲಾದುವು ಆಕ್ರಮಿಸಿಕೊಳ್ಳುವುವು.

ಪ್ರಾಣಿಯ ಕರುಳಿನ ಸ್ಥಿತಿಯೂ ಹೀಗೆಯೇ. ಬೆಳೆದ ಹಸುವಿನ ಮೊದಲನೆಯ ಹೊಟ್ಟೆಯಲ್ಲಿರುವ ರಸದ ಒಂದು ಗ್ರಾಮಿನಲ್ಲಿ ಸುಮಾರು ೧,೦೦೦ ಕೋಟಿ ಬ್ಯಾಕ್ಟೀರಿಯಗಳಿರುವುವು. ಮನುಷ್ಯನ ದೊಡ್ಡಕರುಳಿನಲ್ಲಿ ಈ ಸಂಖ್ಯೆಯು ಗ್ರಾಮಿಗೆ ಸುಮಾರು ೧೦,೦೦೦ ಕೋಟಿಯಷ್ಟಾಗುವುದು. ಇವು ಮೇವನ್ನು ಜೀರ್ಣಿಸುವುದಲ್ಲದೆ, ಹೊರಗಿನಿಂದ ಬರುವ ಕ್ರಿಮಿಗಳಿಗೆ ಸ್ಥಳವಿಲ್ಲದಂತೆಯೂ ಮಾಡುವುವು. ಆದರೆ ಆಗತಾನೆ ಹುಟ್ಟಿದ ಕರುವಿನ ಕರುಳೂ, ಮೊಟ್ಟೆಯೊಡೆದು ಬಂದ ಮರಿಯ ಕರುಳೂ ಉತ್ತು ಬಿಟ್ಟ ಹೊಲದಂತೆ ಬಹುಮಟ್ಟಿಗೆ ಬರಿದಾಗಿರುವುವು. ಮೊದಲು ಯಾವ ಬೀಜವು ಬೀಳುವುದೋ ಅದೇ ಮೊಳೆಯುವುದು. ಹಿತಜೀವಾಣುಗಳು ಮೊದಲು ನೆಲಸಿದರೆ ಸುಖ. ರೋಗಕ್ರಿಮಿಗಳು ಮೊದಲು ನೆಲಸಿದರೆ ಭೇದಿ. ಹುಟ್ಟಿದ ಮೊದಲ ದಿನಗಳ ಪಾಲನೆಗೆ ಇಷ್ಟು ಮಹತ್ವವಿರುವುದು ಇದರಿಂದಲೇ.

ಈ ವಿಚಾರವು ಹೇಗೆ ತಿಳಿದುಬಂದಿತು

ಅಂದಿನ ರಷ್ಯಾ ಸಾಮ್ರಾಜ್ಯದಲ್ಲಿ ಜನಿಸಿ ಪ್ಯಾರಿಸಿನ ಪಾಶ್ಚರ್ ಸಂಸ್ಥೆಯಲ್ಲಿ ಕೆಲಸ ಮಾಡಿದ ಎಲಿ ಮೆಚ್ನಿಕಾಫ್ ಎಂಬ ವಿಜ್ಞಾನಿಯು, ಹುಳಿಹಾಲಿನಲ್ಲಿರುವ ಲ್ಯಾಕ್ಟಿಕ್ ಆಮ್ಲದ ಬ್ಯಾಕ್ಟೀರಿಯಗಳು ಕರುಳಿನ ಹಾನಿಕರ ಕ್ರಿಮಿಗಳನ್ನು ಅಡಗಿಸಬಲ್ಲುವೆಂದು ೧೯೦೭ರಲ್ಲಿ ಪ್ರತಿಪಾದಿಸಿದನು. ಅದಕ್ಕೆ ಎರಡು ವರ್ಷಗಳ ಹಿಂದೆ, ೧೯೦೫ರಲ್ಲಿ, ಬಲ್ಗೇರಿಯ ದೇಶದ ಸ್ಟಾಮೆನ್ ಗ್ರಿಗೊರಾಫ್ ಎಂಬುವನು ತನ್ನ ದೇಶದ ಮೊಸರಿನಲ್ಲಿರುವ ದಂಡಾಕಾರದ ಬ್ಯಾಕ್ಟೀರಿಯವನ್ನು ಕಂಡುಹಿಡಿದಿದ್ದನು. ಮೆಚ್ನಿಕಾಫನು ಶರೀರದ ರೋಗನಿರೋಧಶಕ್ತಿಯ ವಿಷಯದಲ್ಲಿ ನಡೆಸಿದ ಸಂಶೋಧನೆಗಾಗಿ ೧೯೦೮ರ ನೊಬೆಲ್ ಬಹುಮಾನವನ್ನು ಪಾಲ್ ಎರ್ಲಿಕ್‌ನೊಡನೆ ಹಂಚಿಕೊಂಡವನು. ಅವನ ಮಾತಿಗೆ ಲೋಕದಲ್ಲಿ ಮನ್ನಣೆಯುಂಟಾಗಿ, ಹುಳಿಹಾಲು ಕುಡಿಯುವ ಪದ್ಧತಿಯು ಯೂರೋಪಿನಲ್ಲೆಲ್ಲಾ ಹಬ್ಬಿತು.

ಆದರೆ ವಿಜ್ಞಾನದಲ್ಲಿ ದೊಡ್ಡವರ ಮಾತನ್ನೂ ಪರೀಕ್ಷಿಸಿಯೇ ಅಂಗೀಕರಿಸುವುದು ಕ್ರಮ. ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ರೆಟ್ಗರ್ ಮತ್ತು ಚೆಪ್ಲಿನ್ ಎಂಬುವರು ೧೯೨೧ರಲ್ಲಿ ತಮ್ಮ ಪ್ರಯೋಗಗಳನ್ನು ಪ್ರಕಟಿಸಿ, ಬಲ್ಗೇರಿಯದ ಆ ಬ್ಯಾಕ್ಟೀರಿಯವು ಕರುಳಿನಲ್ಲಿ ನೆಲೆಯೂರುವುದಿಲ್ಲವೆಂದೂ, ಕರುಳಿನಲ್ಲಿಯೇ ವಾಸಿಸತಕ್ಕ ಅಸಿಡಾಫಿಲಸ್ ಎಂಬ ಅದರ ಬಂಧುವು ನೆಲೆಯೂರಬಲ್ಲುದೆಂದೂ ತೋರಿಸಿದರು. ಕೋಳಿಮರಿಗಳ ಬಿಳಿಭೇದಿಗೆ ಕಾರಣವಾದ ಕ್ರಿಮಿಯನ್ನು ಮೊದಲು ಗುರುತಿಸಿದವನೂ ಈ ರೆಟ್ಗರನೇ. ಹೊಲಕ್ಕೆ ಒಗ್ಗುವ ತಳಿಯನ್ನೇ ಬಿತ್ತಬೇಕೆಂಬ ನಮ್ಮ ಹಿರಿಯರ ಮಾತು ಇಲ್ಲಿಯೂ ನಿಜವಾಯಿತು.

ಜರ್ಮನಿಯ ಫ್ರೈಬರ್ಗ್ ನಗರದ ವೈದ್ಯ ಆಲ್ಫ್ರೆಡ್ ನಿಸ್ಲೆಯು ಮತ್ತೊಂದು ಬಗೆಯಲ್ಲಿ ಇದೇ ತತ್ವವನ್ನು ಕಂಡನು. ಮೊದಲನೆಯ ಮಹಾಯುದ್ಧದ ಕಾಲದಲ್ಲಿ, ಜೊತೆಯ ಸಿಪಾಯಿಗಳೆಲ್ಲರೂ ಭೇದಿಯಿಂದ ನರಳುತ್ತಿದ್ದಾಗಲೂ ಆರೋಗ್ಯದಿಂದಿದ್ದ ಒಬ್ಬ ಸಿಪಾಯಿಯ ಮಲದಿಂದ ಅವನು ೧೯೧೭ರಲ್ಲಿ ಒಂದು ಬಗೆಯ ಇ. ಕೋಲಿ ಬ್ಯಾಕ್ಟೀರಿಯವನ್ನು ಬೇರ್ಪಡಿಸಿದನು. ಇ. ಕೋಲಿ ಎಂದೊಡನೆ ರೋಗಕ್ರಿಮಿಯೆಂದು ಭಯಪಡುವವರುಂಟು. ಆ ಕುಲದಲ್ಲಿ ಕೆಟ್ಟವೂ ಇವೆ, ಒಳ್ಳೆಯವೂ ಇವೆ. ನಿಸ್ಲೆಯ ಹೆಸರಿನ ಆ ತಳಿಯು ಕೆಲವು ದೇಶಗಳಲ್ಲಿ ಇಂದಿಗೂ ಔಷಧವಾಗಿ ಬಳಕೆಯಲ್ಲಿದೆ.

ಫಿನ್ಲೆಂಡ್ ದೇಶದ ಕೋಳಿಮರಿಗಳು

ಈ ತತ್ವವನ್ನು ಪಶುಪಾಲನೆಗೆ ಸ್ಪಷ್ಟವಾಗಿ ತಂದುಕೊಟ್ಟವರು ಫಿನ್ಲೆಂಡ್ ದೇಶದವರು. ಆ ದೇಶದ ಮಾಂಸದ ಕೋಳಿಗಳಲ್ಲಿ ೧೯೭೧ರಲ್ಲಿ ಸಾಲ್ಮೊನೆಲ್ಲಾ ಜಾತಿಯ ಒಂದು ಕ್ರಿಮಿಯು ವಿಶೇಷವಾಗಿ ಹರಡಿತು. ಈ ಕ್ರಿಮಿಯು ಕೋಳಿಗೆ ಹೆಚ್ಚು ಬಾಧೆ ಕೊಡದಿದ್ದರೂ ಮಾಂಸದ ಮೂಲಕ ಮನುಷ್ಯರ ಹೊಟ್ಟೆಗೆ ಸೇರಿ ಭೇದಿ ಜ್ವರಗಳನ್ನುಂಟುಮಾಡುವಂತಹುದು. ಎಸ್ಕೋ ನೂರ್ಮಿ ಮತ್ತು ರಂಟಲ ಎಂಬ ವಿಜ್ಞಾನಿಗಳು ಇದರ ಕಾರಣವನ್ನು ವಿಚಾರಿಸಿದರು. ಬೆಳೆದ ಕೋಳಿಯು ಈ ಕ್ರಿಮಿಯನ್ನು ಬಹುಮಟ್ಟಿಗೆ ತಡೆಯಬಲ್ಲುದು. ಒಂದೆರಡು ದಿನದ ಮರಿಗಾದರೋ ಕೆಲವೇ ಕ್ರಿಮಿಗಳು ಸೇರಿದರೂ ಸಾಕು, ಸೋಂಕು ಹತ್ತುವುದು.

ಈ ವ್ಯತ್ಯಾಸಕ್ಕೆ ಕಾರಣವು ಮರಿಯು ಹುಟ್ಟುವ ವಿಧಾನದಲ್ಲಿದೆಯೆಂದು ಅವರು ತಿಳಿದರು. ನಮ್ಮ ಹಿತ್ತಿಲಿನಲ್ಲಿ ಹೇಂಟೆಯು ಕಾವು ಕುಳಿತು ಮಾಡಿದ ಮರಿಯು ತಾಯಿಯ ಹಿಂದೆ ತಿರುಗುತ್ತಾ, ಅದು ಕೆದರಿದ ನೆಲದಲ್ಲಿ ಕುಕ್ಕುತ್ತಾ, ತಾಯಿಯ ಕರುಳಿನ ಜೀವಾಣುಗಳನ್ನು ಮೊದಲ ದಿನದಿಂದಲೇ ಪಡೆಯುವುದು. ಯಂತ್ರದ ಕಾವಿನಲ್ಲಿ ಹುಟ್ಟಿದ ಮರಿಯು ತಾಯಿಯನ್ನೇ ಕಾಣದು. ಶುಚಿಯಾದ ಪೆಟ್ಟಿಗೆಯಲ್ಲಿ ಬಂದು ಶುಚಿಯಾದ ಮನೆಯಲ್ಲಿ ಬೆಳೆಯುವ ಅದಕ್ಕೆ ಹಿರಿಯರಿಂದ ಬರಬೇಕಾದ ಈ ಆಸ್ತಿಯು ಬರುವುದೇ ಇಲ್ಲ. ಆದುದರಿಂದ ನೂರ್ಮಿ ಮತ್ತು ರಂಟಲ ಇವರು ಆರೋಗ್ಯವಾದ ಬೆಳೆದ ಕೋಳಿಗಳ ಕರುಳಿನ ದ್ರವವನ್ನು ತೆಗೆದು ಎಳೆಯ ಮರಿಗಳಿಗೆ ಕುಡಿಸಿದರು. ಅನಂತರ ಸಾಲ್ಮೊನೆಲ್ಲಾ ಕ್ರಿಮಿಯನ್ನು ಕೊಟ್ಟು ನೋಡಲು, ಕರುಳಿನ ದ್ರವವನ್ನು ಕುಡಿದಿದ್ದ ಮರಿಗಳು ಸೋಂಕನ್ನು ಹೆಚ್ಚಾಗಿ ತಡೆದುಕೊಂಡವು. ಈ ಫಲಿತಾಂಶವು ೧೯೭೩ರಲ್ಲಿ ಪ್ರಕಟವಾಯಿತು. ಮೊದಲು ಬಂದು ನೆಲಸಿದವು ತರುವಾಯ ಬಂದವನ್ನು ಹೊರಗಿಡುವ ಈ ಕ್ರಮಕ್ಕೆ ಸ್ಪರ್ಧಾತ್ಮಕ ನಿವಾರಣೆಯೆಂದು ಹೆಸರಾಯಿತು. ಇದೇ ಮಾರ್ಗವನ್ನನುಸರಿಸಿ, ೧೯೯೮ರಲ್ಲಿ ಅಮೆರಿಕ ಸರ್ಕಾರವು ೨೯ ಬಗೆಯ ಬ್ಯಾಕ್ಟೀರಿಯಗಳ ಒಂದು ಮಿಶ್ರಣವನ್ನು ಮರಿಗಳ ಮೇಲೆ ಸಿಂಪಡಿಸುವುದಕ್ಕೆ ಅನುಮತಿ ಕೊಟ್ಟಿತು. ಮರಿಯು ತನ್ನ ಪುಕ್ಕಗಳನ್ನು ಕೊಕ್ಕಿನಿಂದ ತಿದ್ದಿಕೊಳ್ಳುವಾಗ ಆ ಬ್ಯಾಕ್ಟೀರಿಯಗಳು ಹೊಟ್ಟೆಗೆ ಸೇರುವುವು.

ಇದನ್ನು ಓದಿ ಯಾರೂ ಹಳೆಯ ಕೋಳಿಗಳ ಹಿಕ್ಕೆಯನ್ನು ನೀರಿನಲ್ಲಿ ಕದಡಿ ಮರಿಗಳಿಗೆ ಕುಡಿಸಕೂಡದು. ಹಿಕ್ಕೆಯಲ್ಲಿ ಹಿತಜೀವಾಣುಗಳ ಜೊತೆಯಲ್ಲಿಯೇ ರಕ್ತಭೇದಿಯ ಕ್ರಿಮಿಗಳೂ, ಕೊಕ್ಕರೆ ರೋಗವೆಂದು ಹೇಳುವ ರಾಣಿಖೇತ್ ರೋಗದ ವಿಷಾಣುವೂ ಇರಬಹುದು. ಪ್ರಯೋಗಶಾಲೆಯಲ್ಲಿ ಪರೀಕ್ಷಿಸಿ ಶುದ್ಧಿಮಾಡಿದುದನ್ನು ಮಾತ್ರವೇ ಉಪಯೋಗಿಸತಕ್ಕದ್ದು.

ಹಿತಜೀವಾಣುಗಳು ಕಾಯುವ ಬಗೆ

ಇವುಗಳ ಕೆಲಸವನ್ನು ಐದು ವಿಧವಾಗಿ ವಿಂಗಡಿಸಬಹುದು.

ಮೊದಲನೆಯದು, ಸ್ಥಳದ ಆಕ್ರಮಣ. ರೋಗಕ್ರಿಮಿಗಳ ಪೈಕಿ ಅನೇಕವು ಕರುಳಿನ ಗೋಡೆಗೆ ಅಂಟಿಕೊಂಡ ಹೊರತು ಹಾನಿ ಮಾಡಲಾರವು. ಎಳೆಗರುವಿನಲ್ಲಿ ಭೇದಿಯುಂಟುಮಾಡುವ ಇ. ಕೋಲಿಗೆ ಇದಕ್ಕಾಗಿಯೇ ಕೂದಲಿನಂತಹ ಕೊಂಡಿಗಳುಂಟು. ಅಂಟಿಕೊಳ್ಳುವ ಸ್ಥಳವನ್ನು ಬೇರೆಯವು ಮೊದಲೇ ಹಿಡಿದಿದ್ದರೆ ಕ್ರಿಮಿಯು ಮಲದೊಡನೆ ಹೊರಬೀಳುವುದು.

ಎರಡನೆಯದು, ಆಹಾರದ ಪೈಪೋಟಿ. ಕರುಳಿನಲ್ಲಿ ದೊರೆಯುವ ಸಕ್ಕರೆ, ಕಬ್ಬಿಣ ಮೊದಲಾದ ಅಂಶಗಳನ್ನು ಹಿತಜೀವಾಣುಗಳು ಬೇಗನೆ ಹೀರಿಕೊಂಡು, ರೋಗಕ್ರಿಮಿಯು ವೃದ್ಧಿಯಾಗದಂತೆ ಮಾಡುವುವು.

ಮೂರನೆಯದು, ಆಮ್ಲಗಳ ಉತ್ಪತ್ತಿ. ಲ್ಯಾಕ್ಟಿಕ್, ಅಸೆಟಿಕ್ ಮೊದಲಾದ ಆಮ್ಲಗಳಿಂದ ಕರುಳಿನ ರಸವು ಹುಳಿಯಾಗುವುದು. ಹಾಲು ಬೇಗ ಕೆಡುವುದು, ಹುಳಿಮಜ್ಜಿಗೆಯು ಅಷ್ಟು ಬೇಗ ಕೆಡದು. ಉಪ್ಪಿನಕಾಯಿಯು ವರ್ಷಗಟ್ಟಲೆ ನಿಲ್ಲುವುದಕ್ಕೂ ಉಪ್ಪಿನೊಡನೆ ಹುಳಿಯೇ ಸಹಾಯ. ಸಾಲ್ಮೊನೆಲ್ಲಾ, ಇ. ಕೋಲಿ ಮೊದಲಾದುವು ಇಂತಹ ಹುಳಿಯಲ್ಲಿ ಚೆನ್ನಾಗಿ ಬೆಳೆಯಲಾರವು.

ನಾಲ್ಕನೆಯದು, ಪ್ರತಿಬಂಧಕ ವಸ್ತುಗಳು. ಕೆಲವು ಹಿತಜೀವಾಣುಗಳು ನೆರೆಯ ಬ್ಯಾಕ್ಟೀರಿಯಗಳನ್ನು ಕೊಲ್ಲುವ ಸಣ್ಣ ಸಣ್ಣ ಪ್ರೋಟೀನುಗಳನ್ನು ತಯಾರಿಸುವುವು. ಹಾಲಿನ ಬ್ಯಾಕ್ಟೀರಿಯದಿಂದ ದೊರೆಯುವ ನೈಸಿನ್ ಎಂಬುದು ಈ ಬಗೆಯದು. ಗಿಣ್ಣು ಮೊದಲಾದ ಹಾಲಿನ ಪದಾರ್ಥಗಳಲ್ಲಿ ಚೀಸ್ ಎಂಬುದು ಕೆಡದಂತಿರಲು ಪಾಶ್ಚಾತ್ಯರು ಇದನ್ನು ಉಪಯೋಗಿಸುವರು.

ಐದನೆಯದು, ಗೋಡೆಯ ಬಲ ಮತ್ತು ಶರೀರದ ಎಚ್ಚರ. ಜೀವಾಣುಗಳು ಉತ್ಪತ್ತಿಮಾಡುವ ಬ್ಯುಟಿರಿಕ್ ಆಮ್ಲವು ದೊಡ್ಡಕರುಳಿನ ಒಳಪದರದ ಜೀವಕೋಶಗಳಿಗೆ ಆಹಾರವಾಗಿದೆ. ಈ ಪದರವು ಒತ್ತಾಗಿಯೂ ಲೋಳೆಯಿಂದ ಮುಚ್ಚಿಯೂ ಇದ್ದರೆ ವಿಷವು ರಕ್ತಕ್ಕೆ ನುಸುಳದು. ಹಿತಜೀವಾಣುಗಳ ಸಹವಾಸದಿಂದ ಶರೀರದ ರೋಗನಿರೋಧಕ ಕೋಶಗಳೂ ತರಬೇತು ಹೊಂದುವುವು. ಜಪಾನ್ ದೇಶದ ವಿಜ್ಞಾನಿಗಳು ೨೦೧೧ರಲ್ಲಿ ಇಲಿಗಳ ಮೇಲೆ ನಡೆಸಿದ ಪ್ರಯೋಗದಲ್ಲಿ, ಕೆಲವು ಬಿಫಿಡೊ ಬ್ಯಾಕ್ಟೀರಿಯಗಳು ಉತ್ಪತ್ತಿಮಾಡಿದ ಅಸೆಟಿಕ್ ಆಮ್ಲದ ಲವಣವು ಕರುಳಿನ ಗೋಡೆಯನ್ನು ಬಲಪಡಿಸಿ, ಮಾರಕವಾದ ಇ. ಕೋಲಿಯ ವಿಷದಿಂದ ಇಲಿಗಳನ್ನು ಕಾಪಾಡಿತು. ಅದೇ ಕುಲದ ಎಲ್ಲಾ ತಳಿಗಳಿಗೂ ಈ ಶಕ್ತಿಯಿರಲಿಲ್ಲವೆಂಬುದು ಗಮನಿಸತಕ್ಕ ಅಂಶ.

ಕಾವಲುಗಾರರನ್ನು ನಾವೇ ಕೊಲ್ಲುವುದು

ಆಂಟಿಬಯಾಟಿಕ್ ಔಷಧಿಗಳು ಲಕ್ಷಾಂತರ ಪ್ರಾಣಗಳನ್ನು ಉಳಿಸಿರುವ ಮಹೋಪಕಾರಿಗಳು. ಆದರೆ ಅವು ಕಳೆಯನ್ನೂ ಪೈರನ್ನೂ ಒಂದೇ ಸಮನಾಗಿ ಕೊಯ್ಯುವ ಕುಡುಗೋಲಿನಂತಹವು. ಷಿಕಾಗೋ ನಗರದಲ್ಲಿ ನಡೆದು ೧೯೫೪ರಲ್ಲಿ ಪ್ರಕಟವಾದ ಒಂದು ಪ್ರಯೋಗವು ಇದನ್ನು ಮನದಟ್ಟುಮಾಡುವುದು. ಸಾಮಾನ್ಯವಾದ ಇಲಿಗಳಲ್ಲಿ ಅರ್ಧದಷ್ಟಕ್ಕೆ ಸೋಂಕು ಹತ್ತಬೇಕಾದರೆ ಬಾಯಿಯ ಮೂಲಕ ಸುಮಾರು ೧ ಲಕ್ಷ ಸಾಲ್ಮೊನೆಲ್ಲಾ ಕ್ರಿಮಿಗಳನ್ನು ಕೊಡಬೇಕಾಗಿತ್ತು. ಒಂದೇ ಒಂದು ಸಲ ಸ್ಟ್ರೆಪ್ಟೊಮೈಸಿನ್ ಔಷಧಿಯನ್ನು ಕುಡಿಸಿದ ಇಲಿಗಳಿಗಾದರೋ ಹತ್ತಕ್ಕಿಂತಲೂ ಕಡಮೆ ಕ್ರಿಮಿಗಳು ಸಾಕಾದುವು. ಬೇಲಿಯನ್ನು ಕಿತ್ತ ಮೇಲೆ ತೋಟಕ್ಕೆ ಒಂದು ದನ ನುಗ್ಗಿದರೂ ಸಾಲದೆ?

ಕರುವಿನ ಭೇದಿಗೆ ಕಾರಣಗಳು ಹಲವು. ಕೆಲವು ಬ್ಯಾಕ್ಟೀರಿಯಗಳಿಂದ ಬರುವುವು, ಕೆಲವು ರೋಟಾ ಮೊದಲಾದ ವಿಷಾಣುಗಳಿಂದ ಬರುವುವು, ಕೆಲವು ಹಾಲನ್ನು ಅಕ್ರಮವಾಗಿ ಕುಡಿಸುವುದರಿಂದಲೂ ಬರುವುವು. ವಿಷಾಣುವಿನ ಮೇಲೆ ಆಂಟಿಬಯಾಟಿಕ್ ಔಷಧಿಯು ಏನನ್ನೂ ಮಾಡದು. ಕಾವಲಿದ್ದ ಜೀವಾಣುಗಳನ್ನು ಮಾತ್ರ ಕೊಲ್ಲುವುದು. ಅಲ್ಲದೆ, ಔಷಧಿಯನ್ನು ಪದೇ ಪದೇ ಅರೆಬರೆಯಾಗಿ ಕೊಡುತ್ತಿದ್ದರೆ ಅದಕ್ಕೆ ಬಗ್ಗದ ಕ್ರಿಮಿಗಳು ಹುಟ್ಟಿಕೊಂಡು, ಕೊಟ್ಟಿಗೆಯಿಂದ ಮನೆಗೂ ಹರಡುವುವು. ಈ ಕಾರಣದಿಂದಲೇ ಯೂರೋಪಿನ ಒಕ್ಕೂಟದ ದೇಶಗಳಲ್ಲಿ ಪ್ರಾಣಿಗಳ ತೂಕ ಹೆಚ್ಚಲೆಂದು ಮೇವಿನಲ್ಲಿ ಆಂಟಿಬಯಾಟಿಕ್ ಬೆರೆಸುವುದನ್ನು ೨೦೦೬ರ ಜನವರಿ ೧ರಿಂದ ನಿಷೇಧಿಸಲಾಯಿತು. ಮನುಷ್ಯರ ಕಠಿಣ ರೋಗಗಳಿಗೆ ಕಡೆಯ ಆಸರೆಯಾದ ಕೊಲಿಸ್ಟಿನ್ ಎಂಬ ಔಷಧಿಯನ್ನು ಕೋಳಿ ದನಗಳಿಗೂ ಅವುಗಳ ಮೇವಿಗೂ ಉಪಯೋಗಿಸಕೂಡದೆಂದು ಭಾರತ ಸರ್ಕಾರವು ೨೦೧೯ರ ಜುಲೈ ತಿಂಗಳಿನಲ್ಲಿ ಆಜ್ಞೆ ಹೊರಡಿಸಿತು. ಆದುದರಿಂದ ಪಶುವೈದ್ಯರ ಸಲಹೆಯಿಲ್ಲದೆ ಈ ಔಷಧಿಗಳನ್ನು ಮುಟ್ಟಕೂಡದು.

ಎಳೆಗರುವಿಗೆ ಮಾಡತಕ್ಕದ್ದು

ಕರುವಿನ ರಕ್ಷಣೆಗೆ ಮೊದಲನೆಯ ಸಾಧನವು ಯಾವ ಅಂಗಡಿಯಲ್ಲಿಯೂ ಇಲ್ಲ, ಹಸುವಿನ ಕೆಚ್ಚಲಿನಲ್ಲಿದೆ. ಕರುವು ಗರ್ಭದಲ್ಲಿರುವಾಗ ತಾಯಿಯ ರಕ್ತದಲ್ಲಿನ ರೋಗನಿರೋಧಕ ವಸ್ತುಗಳು ಅದಕ್ಕೆ ದೊರೆಯುವುದಿಲ್ಲ. ಅವೆಲ್ಲವೂ ಗಿಣ್ಣದ ಹಾಲಿನಲ್ಲಿ ಬರುವುವು. ಕರುವಿನ ಕರುಳು ಈ ವಸ್ತುಗಳನ್ನು ಇಡಿಯಾಗಿ ಹೀರಿಕೊಳ್ಳಬಲ್ಲುದು ಮೊದಲಿನ ೨೪ ಗಂಟೆಗಳವರೆಗೆ ಮಾತ್ರ. ಆ ಶಕ್ತಿಯಾದರೂ ಗಂಟೆಗಂಟೆಗೂ ಇಳಿಯುತ್ತಾ ಹೋಗುವುದು. ಗಿಣ್ಣದ ಹಾಲನ್ನು ಬೇಗನೆ ಕುಡಿದ ಕರುವಿನ ಕರುಳಿನಲ್ಲಿ ಹಿತಜೀವಾಣುಗಳು ಬೇಗ ನೆಲಸುವುವೆಂದೂ ಪ್ರಯೋಗಗಳಿಂದ ಕಂಡುಬಂದಿದೆ.

ಇಂತಿರಲು, ಮಾಸು ಬೀಳುವವರೆಗೂ ಕರುವಿಗೆ ಹಾಲು ಬಿಡಬಾರದೆಂಬ ವಾಡಿಕೆಯು ಹಲವು ಗ್ರಾಮಗಳಲ್ಲಿ ಉಳಿದಿರುವುದು ಶೋಚನೀಯ. ಮಾಸು ಬೀಳುವುದಕ್ಕೆ ಎಷ್ಟೋ ಗಂಟೆಗಳಾಗಬಹುದು. ಅಷ್ಟರಲ್ಲಿ ಅಮೂಲ್ಯವಾದ ಕಾಲವು ಕಳೆದುಹೋಗುವುದು. ಕರುವು ಹುಟ್ಟಿದ ಒಂದೆರಡು ಗಂಟೆಗಳೊಳಗೆ ಮೊದಲ ಸಲ ಕುಡಿಸಬೇಕು. ಮೊದಲಿನ ೧೨ ಗಂಟೆಗಳಲ್ಲಿ ಕರುವಿನ ತೂಕದ ಹತ್ತರಲ್ಲೊಂದು ಭಾಗದಷ್ಟು, ಎಂದರೆ ೨೫ ಕಿಲೋ ತೂಕದ ಕರುವಿಗೆ ಸುಮಾರು ಎರಡೂವರೆ ಲೀಟರಿನಷ್ಟು, ಎರಡು ಮೂರು ಸಲವಾಗಿ ಸೇರುವಂತೆ ನೋಡಿಕೊಳ್ಳಬೇಕು. ಗಿಣ್ಣನ್ನು ಕಾಯಿಸಿ ಬೆಲ್ಲ ಏಲಕ್ಕಿ ಹಾಕಿ ನೆರೆಹೊರೆಗೆ ಹಂಚುವುದು ನಮ್ಮ ಸೌಜನ್ಯದ ಪದ್ಧತಿ. ಅದನ್ನು ಬಿಡಬೇಕೆಂದು ಹೇಳುವುದಿಲ್ಲ. ಮೊದಲ ಪಾಲು ಕರುವಿನದು, ಮಿಕ್ಕಿದುದು ನೆಂಟರಿಷ್ಟರದು.

ಎರಡನೆಯದು ಶುಚಿತ್ವ. ಕರು ಹಾಕುವ ಸ್ಥಳವು ಒಣಗಿರಬೇಕು. ಹೊಸ ಹುಲ್ಲನ್ನು ಹಾಸಬೇಕು. ಕೆಚ್ಚಲನ್ನು ತೊಳೆದು ಒರಸಿದ ಬಳಿಕವೇ ಕರುವನ್ನು ಬಿಡಬೇಕು. ಹೊಕ್ಕುಳಿಗೆ ಅಯೋಡಿನ್ ಟಿಂಕ್ಚರನ್ನು ಹಚ್ಚಬೇಕು. ಭೇದಿಯಾದ ಕರುವನ್ನು ಇತರ ಕರುಗಳಿಂದ ಬೇರೆ ಕಟ್ಟಬೇಕು. ಕ್ರಿಮಿಗಳು ರಾಶಿರಾಶಿಯಾಗಿ ಒಳಹೊಕ್ಕರೆ ಎಂತಹ ಕಾವಲೂ ಸೋಲುವುದು.

ಮೂರನೆಯದು ಹಿತಜೀವಾಣುಗಳ ಬಳಕೆ. ಬೇರೆ ಬೇರೆ ಕಡೆ ಕರುಗಳ ಮೇಲೆ ನಡೆದ ಪ್ರಯೋಗಗಳನ್ನು ಅರ್ಜೆಂಟೀನ ದೇಶದ ವಿಜ್ಞಾನಿಗಳು ಒಟ್ಟುಗೂಡಿಸಿ ೨೦೧೨ರಲ್ಲಿ ಪರಿಶೀಲಿಸಿದಾಗ, ಲ್ಯಾಕ್ಟಿಕ್ ಆಮ್ಲದ ಬ್ಯಾಕ್ಟೀರಿಯಗಳನ್ನು ಕೊಟ್ಟ ಕರುಗಳಲ್ಲಿ ಭೇದಿಯು ಕಡಮೆಯಾಗಿದ್ದುದು ಕಂಡುಬಂದಿತು. ಈ ಪ್ರಯೋಜನವು ನಿಜವಾದ ಹಾಲನ್ನು ಕುಡಿಯುವ ಕರುಗಳಲ್ಲಿ ತೋರಿತೆಂಬುದನ್ನು ನೆನಪಿಡಬೇಕು. ಕೊಡುವುದಾದರೆ ಹುಟ್ಟಿದ ಮೊದಲ ದಿನಗಳಿಂದಲೇ, ಪಶುವೈದ್ಯರು ಹೇಳಿದ ಪ್ರಮಾಣದಲ್ಲಿ, ಉಗುರು ಬೆಚ್ಚಗಿನ ಹಾಲಿನಲ್ಲಿ ಬೆರೆಸಿ ಕೊಡಬೇಕು.

ಭೇದಿಯು ಹತ್ತಿದ ಮೇಲೆ ಹಿತಜೀವಾಣುಗಳನ್ನೇ ನಂಬಿ ಕುಳಿತುಕೊಳ್ಳಲಾಗದು. ಅಂತಹ ಕರುವನ್ನು ಕೊಲ್ಲುವುದು ಬಹಳವಾಗಿ ನೀರೂ ಲವಣಗಳೂ ಶರೀರದಿಂದ ಹೋಗುವುದೇ. ಕಣ್ಣು ಗುಳಿಬೀಳುವುದು, ಎಳೆದ ಚರ್ಮವು ಕೂಡಲೇ ಸ್ವಸ್ಥಾನಕ್ಕೆ ಬಾರದಿರುವುದು, ಕಿವಿ ಕಾಲುಗಳು ತಣ್ಣಗಾಗುವುದು ಅಪಾಯದ ಚಿಹ್ನೆಗಳು. ಲವಣ ಸಕ್ಕರೆಗಳನ್ನು ಸೇರಿಸಿದ ನೀರನ್ನು ಕುಡಿಸುತ್ತಾ, ಹಾಲನ್ನು ಪೂರ್ತಿಯಾಗಿ ನಿಲ್ಲಿಸದೆ, ತಡಮಾಡದೆ ಪಶುವೈದ್ಯರನ್ನು ಕರೆಸಬೇಕು.

ಕೋಳಿಮರಿಗಳಿಗೆ ಮಾಡತಕ್ಕದ್ದು

ಮರಿಗಳು ಬಂದ ದಿನವೇ, ಮೊದಲ ನೀರಿನಲ್ಲಿಯೇ ಹಿತಜೀವಾಣುಗಳು ದೊರೆಯಬೇಕು. ಒಂದು ವಾರ ಕಳೆದ ಮೇಲೆ ಕೊಡುವುದು ಕಳೆಯು ಹೊಲವನ್ನು ಮುಚ್ಚಿದ ಮೇಲೆ ಬಿತ್ತಿದಂತೆ. ಕ್ಲೋರಿನ್ ಹಾಕಿದ ನೀರಿನಲ್ಲಿ ಇವು ಸಾಯುವುದರಿಂದ ಆ ನೀರನ್ನು ಉಪಯೋಗಿಸಕೂಡದು. ಬೆರೆಸಿದ ನೀರು ಕೆಲವು ಗಂಟೆಗಳೊಳಗೆ ಮುಗಿಯುವಂತೆ ಸ್ವಲ್ಪ ಸ್ವಲ್ಪವಾಗಿ ಇಡಬೇಕು. ಒಂದು ತಂಡದ ಕೋಳಿಗಳನ್ನೆಲ್ಲಾ ಮಾರಿ, ಮನೆಯನ್ನು ತೊಳೆದು ಸುಣ್ಣ ಬಳಿದು, ಕೆಲವು ದಿನ ಖಾಲಿ ಬಿಟ್ಟು, ಅನಂತರ ಮತ್ತೊಂದು ತಂಡವನ್ನು ತರುವುದು ಉತ್ತಮ.

ಬಿಳಿಭೇದಿಯ ಕ್ರಿಮಿಯು ತಾಯಿಕೋಳಿಯಿಂದ ಮೊಟ್ಟೆಯ ಒಳಗೇ ಸೇರಿ ಬರುವಂತಹುದು. ಅಂತಹ ಮರಿಯು ಹುಟ್ಟುವಾಗಲೇ ಶತ್ರುವನ್ನು ಒಳಗೆ ಇಟ್ಟುಕೊಂಡಿರುವುದು. ಹೊರಗಿನಿಂದ ಕಾವಲಿಟ್ಟು ಪ್ರಯೋಜನ ಸ್ವಲ್ಪ. ಆದುದರಿಂದ ತಾಯಿಕೋಳಿಗಳ ರಕ್ತವನ್ನು ಪರೀಕ್ಷಿಸಿ ರೋಗವಿಲ್ಲವೆಂದು ಖಚಿತಪಡಿಸಿಕೊಂಡ ಕೇಂದ್ರಗಳಿಂದಲೇ ಮರಿಗಳನ್ನು ಕೊಳ್ಳುವುದು ವಿವೇಕ.

ಮಜ್ಜಿಗೆಯು ಸಾಲದೆ?

ಮನೆಯಲ್ಲಿ ಮಜ್ಜಿಗೆಯಿರುವಾಗ ಪೊಟ್ಟಣವೇಕೆಂದು ಕೇಳುವವರುಂಟು. ಪ್ರಶ್ನೆಯು ನ್ಯಾಯವಾದುದು. ನಮ್ಮ ಮೊಸರಿನಲ್ಲಿ ಲ್ಯಾಕ್ಟಿಕ್ ಬ್ಯಾಕ್ಟೀರಿಯಗಳು ಸಜೀವವಾಗಿ ಅಪಾರವಾಗಿವೆ. ಮಜ್ಜಿಗೆಯು ಮನುಷ್ಯರಿಗೆ ಉತ್ತಮವಾದ ಆಹಾರವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಹೆಪ್ಪು ಮನೆಯಿಂದ ಮನೆಗೆ ಬೇರೆ. ಅದರಲ್ಲಿರುವ ಜೀವಾಣುಗಳೂ ಬೇರೆ. ಅವುಗಳಲ್ಲಿ ಹಲವು ಜಠರದ ಆಮ್ಲವನ್ನೂ ಪಿತ್ತರಸವನ್ನೂ ದಾಟಿ ಉಳಿಯಲಾರವು. ರೆಟ್ಗರನ ಪ್ರಯೋಗದಲ್ಲಿ ಕಂಡಂತೆ, ಹಾಲಿನಲ್ಲಿ ಚೆನ್ನಾಗಿ ಬೆಳೆಯುವುದೆಲ್ಲವೂ ಕರುಳಿನಲ್ಲಿ ನೆಲಸುವುದೆಂಬ ನಿಯಮವಿಲ್ಲ. ಆದುದರಿಂದ ಮಜ್ಜಿಗೆಯನ್ನು ಆಹಾರವೆಂದು ಧಾರಾಳವಾಗಿ ಉಪಯೋಗಿಸಬಹುದು. ಇಂತಹ ರೋಗವನ್ನು ತಡೆಯುವುದೆಂದು ನೆಚ್ಚಿಕೊಳ್ಳಲಾಗದು.

ಪೊಟ್ಟಣವನ್ನು ಕೊಳ್ಳುವಾಗ

ತೊಗರಿ, ಕಡಲೆ, ಸೋಯಾ ಬೀಜಗಳಿಗೆ ರೈಜೋಬಿಯಂ ಹಚ್ಚಿ ಬಿತ್ತುವ ಕ್ರಮವನ್ನು ನಮ್ಮ ವಾಚಕರಲ್ಲಿ ಅನೇಕರು ಬಲ್ಲರು. ಒಂದು ಬೆಳೆಯ ರೈಜೋಬಿಯಂ ಮತ್ತೊಂದಕ್ಕೆ ಒಗ್ಗದು. ಪೊಟ್ಟಣವನ್ನು ಬಿಸಿಲಿನಲ್ಲಿಟ್ಟರೆ ಕೆಡುವುದು. ಅವಧಿ ಮೀರಿದುದು ಬರಿಯ ಪುಡಿ. ಪ್ರೋಬಯಾಟಿಕ್ ಪೊಟ್ಟಣಗಳಿಗೂ ಇದೇ ನ್ಯಾಯ. ಕೊಳ್ಳುವ ಮೊದಲು ಈ ಅಂಶಗಳನ್ನು ನೋಡತಕ್ಕದ್ದು:

೧. ಜೀವಾಣುವಿನ ಕುಲ, ಜಾತಿ ಮತ್ತು ತಳಿಯ ಗುರುತು ಮುದ್ರಿತವಾಗಿರಬೇಕು. ಒಂದು ತಳಿಯ ಗುಣವು ಮತ್ತೊಂದು ತಳಿಗೆ ಇದ್ದೇ ಇರುವುದೆಂದು ಹೇಳಲಾಗದು.

೨. ಒಂದು ಗ್ರಾಮಿನಲ್ಲಿರುವ ಸಜೀವ ಜೀವಾಣುಗಳ ಸಂಖ್ಯೆಯನ್ನೂ, ಆ ಸಂಖ್ಯೆಯು ಎಂದಿನವರೆಗೆ ಉಳಿಯುವುದೆಂಬುದನ್ನೂ ತಿಳಿಸಿರಬೇಕು.

೩. ಯಾವ ಪ್ರಾಣಿಗೆ, ಯಾವ ವಯಸ್ಸಿನಲ್ಲಿ, ಎಷ್ಟು ಕೊಡಬೇಕೆಂಬುದು ಸ್ಪಷ್ಟವಾಗಿರಬೇಕು.

೪. ತಂಪಾದ ಸ್ಥಳದಲ್ಲಿಡಬೇಕು, ಕುದಿಯುವ ನೀರಿನಲ್ಲಾಗಲಿ ಬಿಸಿ ಗಂಜಿಯಲ್ಲಾಗಲಿ ಬೆರೆಸಕೂಡದು. ಬ್ಯಾಸಿಲಸ್ ಕುಲದ ಕೆಲವು ಜಾತಿಗಳು ಗಟ್ಟಿಯಾದ ಬೀಜಕಗಳ ರೂಪದಲ್ಲಿ ಶಾಖವನ್ನು ತಡೆಯಬಲ್ಲವು. ಲ್ಯಾಕ್ಟಿಕ್ ಬ್ಯಾಕ್ಟೀರಿಯಗಳು ಸಾಮಾನ್ಯವಾಗಿ ತಡೆಯಲಾರವು.

೫. ಆಂಟಿಬಯಾಟಿಕ್ ಕೊಡುವ ಹೊತ್ತಿನಲ್ಲಿಯೇ ಬ್ಯಾಕ್ಟೀರಿಯದ ಪುಡಿಯನ್ನು ಕೊಟ್ಟರೆ ಒಂದು ಕೈಯಿಂದ ನೆಟ್ಟು ಮತ್ತೊಂದು ಕೈಯಿಂದ ಕಿತ್ತಂತಾಗುವುದು. ಇವೆರಡರ ನಡುವಣ ಅಂತರವನ್ನು ವೈದ್ಯರಿಂದ ತಿಳಿಯಬೇಕು.

ಸರ್ವರೋಗಗಳಿಗೂ ಪರಿಹಾರವೆಂದು ಸಾರುವ ಪೊಟ್ಟಣವನ್ನು ನಂಬಲಾಗದೆಂಬುದನ್ನು ಪ್ರತ್ಯೇಕವಾಗಿ ಹೇಳಬೇಕಾಗಿಲ್ಲ.

ಒಡಿಶಾದ ಶಿಶುಗಳು

ಈ ವಿದ್ಯೆಯು ದನಕರುಗಳಿಗೆ ಮಾತ್ರ ಸೀಮಿತವಾದುದಲ್ಲ. ನಮ್ಮ ದೇಶದ ಒಡಿಶಾ ರಾಜ್ಯದ ೧೪೯ ಗ್ರಾಮಗಳಲ್ಲಿ ಪಿನಾಕಿ ಪಾಣಿಗ್ರಾಹಿ ಎಂಬ ವೈದ್ಯವಿಜ್ಞಾನಿಯೂ ಅವರ ಸಂಗಡಿಗರೂ ನಡೆಸಿದ ಪ್ರಯೋಗವು ೨೦೧೭ರಲ್ಲಿ ಪ್ರಕಟವಾಯಿತು. ಅದರಲ್ಲಿ ೪,೫೫೬ ನವಜಾತ ಶಿಶುಗಳನ್ನು ಎರಡು ಗುಂಪುಗಳಾಗಿ ಮಾಡಿ, ಒಂದು ಗುಂಪಿಗೆ ಪ್ಲಾಂಟಾರಮ್ ಎಂಬ ಲ್ಯಾಕ್ಟಿಕ್ ಬ್ಯಾಕ್ಟೀರಿಯದ ಆಯ್ದ ತಳಿಯನ್ನೂ ಅದಕ್ಕೆ ಆಹಾರವಾಗತಕ್ಕ ಒಂದು ಬಗೆಯ ಸಕ್ಕರೆಯನ್ನೂ ಏಳು ದಿನಗಳು ಬಾಯಿಯ ಮೂಲಕ ಕೊಟ್ಟರು. ಮತ್ತೊಂದು ಗುಂಪಿಗೆ ನಿರುಪದ್ರವವಾದ ಬೇರೆ ಪುಡಿಯನ್ನು ಕೊಟ್ಟರು. ಎರಡು ತಿಂಗಳವರೆಗೆ ನೋಡಲು, ಎರಡನೆಯ ಗುಂಪಿನಲ್ಲಿ ರಕ್ತದ ನಂಜಿಗೆ ಗುರಿಯಾದ ಅಥವಾ ಮರಣಹೊಂದಿದ ಶಿಶುಗಳು ನೂರಕ್ಕೆ ೯ ಆಗಿದ್ದರೆ, ಹಿತಜೀವಾಣುಗಳನ್ನು ಪಡೆದ ಗುಂಪಿನಲ್ಲಿ ನೂರಕ್ಕೆ ೫.೪ ಮಾತ್ರ ಇದ್ದುವು.

ಈ ಶಿಶುಗಳು ತಾಯಿಯ ಹಾಲು ಕುಡಿಯುತ್ತಿದ್ದು, ಹುಟ್ಟಿದಾಗ ಎರಡು ಕಿಲೋವಿಗೆ ಕಡಮೆಯಿಲ್ಲದ ತೂಕವುಳ್ಳವಾಗಿದ್ದವು. ತಿಂಗಳು ತುಂಬದೆ ಹುಟ್ಟಿದ ದುರ್ಬಲ ಶಿಶುಗಳಿಗೆ ಸಜೀವ ಬ್ಯಾಕ್ಟೀರಿಯಗಳಿಂದಲೇ ಅಪಾಯವಾಗಬಹುದೆಂದು ಅಮೆರಿಕದ ಔಷಧಿ ನಿಯಂತ್ರಣ ಇಲಾಖೆಯು ೨೦೨೩ರಲ್ಲಿ ಎಚ್ಚರಿಕೆ ಕೊಟ್ಟಿದೆ. ಆದಕಾರಣ ಪಶುಗಳಿಗೆಂದು ತಂದ ಪುಡಿಯನ್ನು ಮಕ್ಕಳಿಗೆ ಎಂದಿಗೂ ಕೊಡ ಕೂಡದು. ಮಕ್ಕಳ ವಿಷಯದಲ್ಲಿ ವೈದ್ಯರ ಮಾತೇ ಪ್ರಮಾಣ.

ಗ್ರಾಮದ ಮುಖಂಡರಲ್ಲಿ ವಿಜ್ಞಾಪನೆ

ಮೇಲೆ ಹೇಳಿದುದರ ಸಾರಾಂಶವಿಷ್ಟೆ. ರೋಗಕ್ರಿಮಿಗಳನ್ನು ಭೂಮಿಯಿಂದಲೇ ಇಲ್ಲದಂತೆ ಮಾಡುವುದು ನಮ್ಮಿಂದಾಗದು. ಅವು ನೆಲಸುವ ಮುನ್ನ ಹಿತಕರವಾದುವು ನೆಲಸುವಂತೆಯೂ, ನೆಲಸಿದ ಮೇಲೆ ನಮ್ಮ ಕೈಯಿಂದಲೇ ನಾಶವಾಗದಂತೆಯೂ ನೋಡಿಕೊಳ್ಳುವುದು ನಮ್ಮಿಂದಾಗುವ ಕೆಲಸ. ಇದಕ್ಕೆ ಬೇಕಾದುದರಲ್ಲಿ ಮುಕ್ಕಾಲು ಪಾಲು ಹಣವಿಲ್ಲದೆ ಆಗತಕ್ಕದ್ದು: ಸಕಾಲದಲ್ಲಿ ಗಿಣ್ಣದ ಹಾಲು, ಒಣಗಿದ ಹಾಸು, ತೊಳೆದ ಪಾತ್ರೆ, ಅನಾವಶ್ಯಕ ಔಷಧಿಗಳ ವರ್ಜನೆ. ಉಳಿದ ಕಾಲು ಪಾಲಿಗೆ ಮಾತ್ರ ಪೊಟ್ಟಣದ ಸಹಾಯ.

ಮಾಸು ಬೀಳುವವರೆಗೆ ಹಾಲು ಬಿಡಬಾರದೆಂಬ ವಾಡಿಕೆಯನ್ನು ನೂರು ಉಪನ್ಯಾಸಗಳು ಅಳಿಸಲಾರವು. ಗ್ರಾಮದ ಹಿರಿಯರ ಕೊಟ್ಟಿಗೆಯಲ್ಲಿ ಒಂದು ಕರುವು ಹುಟ್ಟಿದ ಗಂಟೆಯೊಳಗೆ ಹಾಲು ಕುಡಿದು ಚೆನ್ನಾಗಿ ಬೆಳೆದುದನ್ನು ಕಂಡರೆ ನೆರೆಯವರು ತಾವಾಗಿಯೇ ಅನುಸರಿಸುವರು. ಈ ಸಾಲಿನಲ್ಲಿ ಈಯುವ ತಮ್ಮ ಹಸುಗಳಲ್ಲಿ ಹೀಗೆ ನಡೆಯಿಸಿ, ಹುಟ್ಟಿದ ಕರುಗಳೆಷ್ಟು, ಭೇದಿ ಹತ್ತಿದುವೆಷ್ಟು, ಉಳಿದುವೆಷ್ಟು ಎಂಬ ಲೆಕ್ಕವನ್ನು ಒಂದು ಪುಸ್ತಕದಲ್ಲಿ ಬರೆದಿಟ್ಟು, ಹತ್ತಿರದ ಪಶುವೈದ್ಯಶಾಲೆಯವರಿಗೆ ತೋರಿಸಬೇಕೆಂದು ವಾಚಕ ಮಹಾಶಯರಲ್ಲಿ ಪ್ರಾರ್ಥಿಸುತ್ತೇನೆ. ಮುಂದಿನ ವರ್ಷ ಯಾವ ಬದಲಾವಣೆಯನ್ನು ಮಾಡಬೇಕೆಂಬುದನ್ನು ಆ ಲೆಕ್ಕವೇ ತಿಳಿಸುವುದು.